ಕಂಡಕ್ಟರಮ್ಮನ ಫೋಟೋ

ಮನೆಯಿಂದ,
ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಕಾಲಿನ ಬಾವು ಇಳಿಯಿತೇ? ರಾತ್ರಿ ನಿದ್ದೆ ಬರುತ್ತದೆಯೇ, ಇಲ್ಲ ಹೊಟ್ಟೆಯೊಳಗಿನದು ತನ್ನ ಅಪ್ಪನ ಹಾಗೆ ಎಲ್ಲರೂ ಮಲಗಿದ ಮೇಲೆಯೇ ಎದ್ದು ಕುಣಿಯುತ್ತದೆಯೇ? ಡಾಕ್ಟರು ಓಡಾಡಬೇಡ ಎಂದ ಮೇಲೆ ಓಡಾಡಬೇಡ. ನಿನ್ನ ತಾಯಿಗೆ ಕೆಲಸ ಹೆಚ್ಚಾಯಿತೆಂದು ಸಂಕೋಚಪಟ್ಟು ಏಳಬೇಡ, ಹೆತ್ತವಳ ಹತ್ತಿರ ಎಂಥ ಸಂಕೋಚ. ಇಲ್ಲಿ ನಿನ್ನ ಗಂಡ ತನ್ನ ಶರ್ಟಿಗೆ ತಾನೇ ಇಸ್ತ್ರಿ ಹಾಕಲು ಕಲಿತಿದ್ದಾನೆ. ಎರಡು ಸುಟ್ಟಿದ್ದಾನೆ. ಸಿಟ್ಟಾಗಬೇಡ, ನೀನು ಕೊಡಿಸಿದ ನೀಲಿಯದು ಉಳಿದಿದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಫೋನನ್ನು ಹಾಸಿಗೆಯ ಮೇಲಿಡುತ್ತೀಯ, ಮನೆಮಂದಿಯೆಲ್ಲ ಕೇಳುತ್ತಾರೆ. ಇದು ನಾಲ್ಕು ಜನರ ನಡುವೆ ಆಡುವ ಮಾತಲ್ಲ.

ಹೆಂಗಸರು ಅರೆಬರೆ ಬಟ್ಟೆಯಲ್ಲಿ ಮಂಚದ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು ನನಗೆ ಹಿಡಿಸದು, ಅದು ನಿನಗೂ ಗೊತ್ತು. ನೀನು ಮಹಡಿಯ ಕೋಣೆಯಲ್ಲಿ ಅವರನ್ನು ಕೂರಿಸಿ ಫೋಟೋ ತೆಗೆಯುವಾಗ ನಾನು ಪರದೆಯ ಈಚೆ ಹೊದಿಕೆಗಳಿಗೆ ಇಸ್ತ್ರಿ ಮಾಡುತ್ತಾ, ದೇವರ ನಾಮ ಹೇಳಿಕೊಳ್ಳುತ್ತಾ ಇರುತ್ತಿದ್ದೆ. ಆದರೆ ಕಿವಿಗೆ ಪರದೆ ಇಲ್ಲವಲ್ಲ. "ಗದ್ದ ಒಂಚೂರು ಮುಂದೆ ತನ್ನಿ. ಕೈಗೆ ಏನಾದ್ರೂ ಕೆಲಸ ಕೊಡಿ, ಸುಮ್ನೆ ಬಿಟ್ರೆ ಕಟ್ಟಿಗೆ ಥರ ಕಾಣುತ್ತೆ. ಕಿಟಕಿ ಕಡೆ ತಿರುಗಿ, ಉಸಿರು ಪೂರ್ತಿ ಬಿಡಿ." ಎಲ್ಲ ನನಗೆ ಬಾಯಿಪಾಠವಾಗಿಹೋಗಿತ್ತು.

ಹೋದ ತಿಂಗಳು ಒಬ್ಬ ಕಂಡಕ್ಟರಮ್ಮ ಬಂದಳು. ನೀನು ಮೊದಲೇ ಅವಳಿಗೆ ದಿನ ಗೊತ್ತುಮಾಡಿದ್ದೆಯಂತೆ. ಬಸ್ಸಿನ ಗದ್ದಲದಲ್ಲಿ ಪಳಗಿದ ಗಂಟಲು, ಅವಳು ಮೆಲ್ಲಗೆ ಆಡಿದರೂ ಬೀದಿಗೆ ಕೇಳುತ್ತದೆ. ಸೊಸೆ ಹೆರಿಗೆಗೆ ಹೋಗಿದ್ದಾಳೆ, ಬರಲು ತಿಂಗಳುಗಳಾಗುತ್ತವೆ ಎಂದೆ. ಆಕೆ ಎಡ ಎದೆಯ ಮೇಲೆ ಕೈಯಿಟ್ಟು, "ಅಮ್ಮಾ, ಸೋಮವಾರ ಆಪರೇಷನ್. ಇದನ್ನ ತೆಗೀತಾರೆ. ನಿಮ್ಮ ಸೊಸೆ ಬರೋ ಹೊತ್ತಿಗೆ ಇದಿರಲ್ಲ" ಎಂದಳು. ನೀನು ಸ್ಟ್ಯಾಂಡಿನ ಮೇಲಿಟ್ಟು ಹೋದ ಕ್ಯಾಮೆರಾ ಹಾಗೇ ಇತ್ತು. ಒತ್ತುವುದನ್ನು ನೀನೇ ಕಲಿಸಿದ್ದೆ. ಕೋಣೆಯ ಬೀಗ ತೆಗೆದೆ.

ತನ್ನ ಖಾಕಿ ಶರ್ಟನ್ನೇ ತಂದಿದ್ದಳು, ಗುಂಡಿ ಬಿಚ್ಚಿ ಅದರಲ್ಲೇ ತೆಗೆಸಿಕೊಳ್ಳಬೇಕೆಂಬ ಆಸೆ. "ದಿನಾ ನೂರು ಜನ ಮೈಮೇಲೆ ಬೀಳ್ತಾರೆ, ಒಬ್ರೂ ನನ್ನ ನೋಡಿಲ್ಲ" ಎಂದು ನಕ್ಕಳು. ನಿನ್ನ ಮಾತುಗಳನ್ನೇ ನಾನು ಒಪ್ಪಿಸಿದೆ. ಕಿಟಕಿಯ ಪಕ್ಕ ನಿಲ್ಲಿಸಿದೆ, ಮಂಚದ ಅಂಚಿನಲ್ಲಿ ಕೂರಿಸಿದೆ, ಕನ್ನಡಿಯ ಮುಂದೆ ಕೂದಲು ಎತ್ತಿ ಹಿಡಿಯಲು ಹೇಳಿದೆ. ನಿನ್ನ ಹಾಗೆಯೇ ಆಗುತ್ತಿದೆ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಪ್ರತಿ ಸಲ ಒತ್ತುವ ಮೊದಲು ಹೋಗಿ ಶರ್ಟಿನ ಎಡಗಡೆಯನ್ನು ಎಳೆದು ಮುಚ್ಚಿ ಬರುತ್ತಿದ್ದೆ. ಆಕೆ ಸರಿಸುತ್ತಿದ್ದಳು. ಜಾರಿತೇನೋ ಪಾಪ ಎಂದುಕೊಂಡು ಮತ್ತೆ ಮುಚ್ಚುತ್ತಿದ್ದೆ. ಕಡೆಕಡೆಗೆ ಆಕೆ ಸರಿಸುವುದನ್ನೇ ಬಿಟ್ಟಳು. ನಾನು ಅದನ್ನು ನಾಚಿಕೆ ಎಂದುಕೊಂಡೆ ಮಗಳೇ. ಈಗ ಯೋಚಿಸಿದರೆ, ನನ್ನ ನಾಚಿಕೆಯನ್ನು ಆಕೆ ಕಾಪಾಡಿದಳು.

ನಿನ್ನೆ ಫೋಟೋ ನೋಡಲು ಬಂದಿದ್ದಳು. ಮುಖ ಇಳಿದಿದೆ, ಎಡಗೈ ಮೇಲೆತ್ತಲು ಬರುವುದಿಲ್ಲ. ನಾನು ಪ್ರಿಂಟು ಹಾಕಿಸಿಟ್ಟಿದ್ದ ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡಿದಳು. ಫೋಟೋಗಳು ಚೆನ್ನಾಗಿಯೇ ಇವೆ, ಕತ್ತಿನ ಮೇಲೆ ಬಿದ್ದ ಬೆಳಕನ್ನು ನೋಡಿದ್ದರೆ ನೀನೂ ಹೊಗಳುತ್ತಿದ್ದೆ. ಎರಡನೇ ಸಲ ನೋಡಿ, ಮೆಲ್ಲಗೆ, ನಿಜಕ್ಕೂ ಮೆಲ್ಲಗೆ ಕೇಳಿದಳು: "ಒಂದರಲ್ಲೂ ಇಲ್ವಲ್ಲಾ ಅಮ್ಮಾ?" ಕ್ಯಾಮೆರಾ ತಂದು ಅದರಲ್ಲಿದ್ದದ್ದನ್ನೆಲ್ಲ ತಡಕಾಡಿದೆ. ಎಲ್ಲದರಲ್ಲೂ ಎಡಗಡೆ ಖಾಕಿ ಬಟ್ಟೆಯೇ. ಆಕೆ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. "ಹೋಗ್ಲಿ ಬಿಡಿ, ನೀವೇನು ಬೇಕಂತ ಮಾಡಿದ್ರಾ" ಎಂದು ನನಗೇ ಸಮಾಧಾನ ಹೇಳಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇವತ್ತು ದೇವರ ಮುಂದೆ ಕೂತು ತಪ್ಪಾಯಿತು ಎನ್ನಲು ಹೋದೆ. ಯಾವ ತಪ್ಪೆಂದು ಹೇಳಲಿ? ಒಂದು ಹೆಣ್ಣಿನ ಮೈ ಮುಚ್ಚಿದೆನೆಂದೇ? ಚಿಕ್ಕಂದಿನಿಂದ ಅದನ್ನೇ ಪುಣ್ಯವೆಂದು ಕಲಿತವಳು ನಾನು. ದೀಪ ಹಚ್ಚಿ ಎದ್ದು ಬಂದು ಈ ಕಾಗದ ಹಿಡಿದಿದ್ದೇನೆ. ನೀನಿದ್ದಿದ್ದರೆ ಆಕೆಗೆ ಬೇಕಾದದ್ದು ಸಿಕ್ಕಿರುತ್ತಿತ್ತು. ಇಷ್ಟು ದಿನ ಪರದೆಯ ಈಚೆ ಕೂತು ನಿನ್ನ ಮಾತುಗಳನ್ನಷ್ಟೇ ಕಲಿತೆ.

ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ತಾಯಿ ಮಗು ಎರಡು ಜೀವವನ್ನೂ ದೇವರು ಸುಖವಾಗಿ ಬೇರೆಮಾಡಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಂಡಕ್ಟರಮ್ಮನ ಫೋನು ಬಂತು. ಹೊಲಿಗೆ ಪೂರ್ತಿ ಮಾಯ್ದ ಮೇಲೆ ಬರುತ್ತಾಳಂತೆ, ಈಗಿರುವ ಮೈಯ ಫೋಟೋ ಬೇಕಂತೆ. ಸೊಸೆ ಬರಲಿ ಎಂದೆ. "ಬೇಡ, ನೀವೇ ತೆಗೀಬೇಕು, ಈ ಸಲ ಬಿಡಲ್ಲ" ಎಂದು ಗದರಿಸಿ ಇಟ್ಟಳು. ಒಪ್ಪಿಕೊಂಡಿದ್ದೇನೆ. ಬೆಳಕಿನ ವಿಷಯ ಹೇಗೋ ನೋಡಿಕೊಳ್ಳುತ್ತೇನೆ. ನೀನು ಒಂದು ಮಾತ್ರ ಬೇಗ ಬರೆದು ತಿಳಿಸು: ಎದುರಿಗೆ ನಿಂತವರನ್ನು ಕಣ್ಣು ತಗ್ಗಿಸದೆ ನೋಡುವುದು ಹೇಗೆ?