ಮಗಳ ಮಾತಿನ ರೆಕಾರ್ಡಿಂಗ್

ಮಾರ್ಚ್ ೧೭, ಭಾನುವಾರ

ಶಾಲೆಯ ಹಾಜರಾತಿ ಪಟ್ಟಿ, ಡಾಕ್ಟರ ಚೀಟಿಗಳು ಎಲ್ಲವೂ ಮಗಳು ಯಾರ ಬಳಿ ಇರಬೇಕೆಂಬ ಕೇಸಿನ ಫೈಲು ಸೇರಿದ್ದಾಯಿತು. ಆದರೂ ವಕೀಲರಿಗೆ ಸಮಾಧಾನವಿಲ್ಲ. "ಅಪ್ಪನ ಮನೆ ಬೇಡ ಅಂತ ಮಗು ಬಾಯಿಂದಾನೇ ಬರ್ಬೇಕು. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ," ಎಂದು ಮೊನ್ನೆ ಹೇಳಿದ್ದರು.

ಪುಟ್ಟಿ ಅವಳಪ್ಪನ ಮನೆಯಲ್ಲಿ ಎರಡು ದಿನ ಇದ್ದು ಇವತ್ತು ಸಂಜೆ ಬಂದಳು. ಫೋನನ್ನು ದಿಂಬಿನ ಕೆಳಗಿಟ್ಟು ಮಾತಿಗೆಳೆದೆ.

"ಅಲ್ಲಿ ಬೇಜಾರಾಯ್ತಾ ಪುಟ್ಟಿ?"

ನನ್ನ ಮುಖವನ್ನೇ ನೋಡಿದಳು. "ಬೇಜಾರಾಯ್ತು ಅನ್ಬೇಕಾ ಅಮ್ಮಾ?"

ಅವಳ ತಲೆ ಸವರಿದೆ. "ಇಲ್ಲ ಕಂದಾ, ಇದ್ದದ್ದು ಹೇಳು."

"ನೀನು ಅಳಲ್ಲ ಅಂದ್ರೆ ಹೇಳ್ತೀನಿ. ಚೆನ್ನಾಗಿತ್ತು. ಅಪ್ಪ ಜಡೆ ಹಾಕೋದು ಕಲ್ತಿದಾರೆ."

ಅಳಲಿಲ್ಲ. ಏಳು ವರ್ಷದ ಮಗು ನನ್ನ ಮುಖ ನೋಡಿ ಉತ್ತರ ಆರಿಸುವುದನ್ನು ಕಲಿತಿದೆ. ಕಲಿಸಿದವರು ನಾವಿಬ್ಬರೇ.

ರೆಕಾರ್ಡಿಂಗ್ ಅಳಿಸಿ ವಕೀಲರಿಗೆ ಫೋನ್ ಮಾಡಿದೆ. "ಮಗು ಮಾತು ಬೇಡ ಸರ್, ಕಾಗದಪತ್ರದಲ್ಲೇ ನಡೆಸಿ."

"ಕೇಸು ಸಡಿಲ ಆಗತ್ತೆ ನೋಡಿ," ಎಂದರು.

ಆಗಲಿ ಎಂದೆ. ಹೇಳಿದ ಮೇಲೆ ಭಯ ಶುರುವಾಗಿದೆ. ಆದರೂ ಅಪ್ಪನ ಮನೆಯ ಸಂತೋಷವನ್ನು ಅವಳು ನನ್ನಿಂದ ಬಚ್ಚಿಡುವಂತಾಗಬಾರದು. ಇಷ್ಟು ಗಟ್ಟಿಯಾಗಿ ನಿಂತರೆ, ಮುಂದೆ ಏನೇ ತೀರ್ಪು ಬಂದರೂ ಅವಳು ನನ್ನ ಹತ್ತಿರ ಇದ್ದದ್ದನ್ನೇ ಹೇಳುತ್ತಾಳೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ.