ಬಂಕ್ ಬೆಡ್ ಇಡಲಾಗದ ಮನೆ

ಭಾಂಡುಪ್, ಮುಂಬಯಿ
೧೮ ನವೆಂಬರ್ ೨೦೨೪

ಯಕ್ಷಿತಾಳ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಚೆಂಬೂರಿನಿಂದ ಹೊರಟು ಬಂದು ವಾರವಾಗುತ್ತಾ ಬಂತು. ಫೋನಿನಲ್ಲಿ ಹೇಳೋಣವೆಂದರೆ ನೀವು ಹೋಟೆಲಿನಲ್ಲಿ ರಶ್ ಇದೆಯೆಂದು ಅರ್ಧದಲ್ಲೇ ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದುತ್ತೀರಿ ಎಂದುಕೊಂಡಿದ್ದೇನೆ.

ನನ್ನ ಅಪ್ಪನ ಕೋಣೆಯಿದ್ದ ಹಳೆಯ ಚಾಳು ಕೆಡವಿ ಬಿಲ್ಡಿಂಗ್ ಎದ್ದು, ನನ್ನ ಹೆಸರಿಗೆ ಈ ಫ್ಲ್ಯಾಟ್ ಸಿಕ್ಕಾಗ, ನೀವು ಊಟಕ್ಕೆ ಕುಳಿತಲ್ಲೇ ತೀರ್ಮಾನಿಸಿದಿರಿ, ಹೊಸ ಬ್ರಾಂಚಿನ ಅಡುಗೆಯವರಿಗೆ ಇಲ್ಲಿ ಬಂಕ್ ಬೆಡ್ ಹಾಕಿಸುವುದೆಂದು. ನಾನು ಸಾರು ಬಡಿಸಿದೆ. ಮರುದಿನ ಬಾಂದ್ರಾದಲ್ಲಿರುವ ನಮಿತಾಳ ಆಫೀಸಿಗೆ ಹೋದೆ. ತಂಗಿಯ ಮಗಳು ಇಂಟೀರಿಯರ್ ಕೆಲಸ ಮಾಡುತ್ತಾಳೆಂದು ನಿಮಗೆ ಗೊತ್ತು. ಹೇಗೆ ಮಾಡುತ್ತಾಳೆಂದು ನಾನೂ ನೋಡಿರಲಿಲ್ಲ.

ಅವಳು ಮೇಜಿನ ಮೇಲೆ ಕಲ್ಲಿನ ತುಂಡು, ಮರದ ತುಂಡುಗಳನ್ನು ಹರವಿ ಯಾವುದು ಇಷ್ಟವೆಂದು ಕೇಳಿದಳು. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದೆ.

"ದೊಡ್ಡಮ್ಮ, ಅಲ್ಲಿ ಇರ್ಲಿಕ್ಕಿರುವುದು ಯಾರು?" ಎಂದಳು.

"ನಾನು" ಎಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು.

ಚೆಂಬೂರಿನ ಮನೆಗೆ ನೀವು ಹಾಕಿಸಿದ ಮಾರ್ಬಲ್, ಬಣ್ಣ ಬದಲಿಸುವ ಸೀಲಿಂಗ್ ದೀಪ ಎಲ್ಲವನ್ನೂ ಬಂದವರು ಹೊಗಳುತ್ತಾರೆ. ನಾನೂ ಹೊಗಳಿದ್ದೇನೆ. ಆದರೆ ಅಲ್ಲಿ ನನ್ನ ಕಪಾಟಿನಲ್ಲಿ ಹೋಟೆಲಿನ ಲೋಟಗಳಿದ್ದವು, ಮಂಚದ ಕೆಳಗೆ ಬ್ಯಾಡಗಿ ಮೆಣಸಿನ ಚೀಲ. ಮದುವೆಮನೆಗೆ ಉಟ್ಟು ಹೋದ ಸೀರೆಗೂ ಮೆಣಸಿನ ಘಾಟು.

ಇಲ್ಲಿ ನೆಲಕ್ಕೆ ಕೋಟಾ ಕಲ್ಲು. ಪಾಲಿಶ್ ಬೇಡವೆಂದೆ, ಬರಿಗಾಲಿಗೆ ತಂಪಾಗಿದೆ, ಜಾರುವುದಿಲ್ಲ. ಗೋಡೆಗೆ ಸುಣ್ಣದ ಗಾರೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಕೆನೆ ಬಣ್ಣಕ್ಕೆ ತಿರುಗುತ್ತದೆ. ಕಪಾಟಿನ ಬಾಗಿಲಿಗೆ ಬೆತ್ತದ ಹೆಣಿಗೆ, ಒಳಗೆ ಗಾಳಿಯಾಡಲಿ ಎಂದು. ಪರದೆ ಖಾದಿಯದು. ಅಡುಗೆಮನೆ ಮಾತ್ರ ಚಿಕ್ಕದು, ನಾನೇ ಹಟ ಮಾಡಿ ಚಿಕ್ಕದು ಮಾಡಿಸಿದೆ. ಉಳಿದ ಜಾಗದಲ್ಲಿ, ಕಿಟಕಿಯ ಪಕ್ಕ, ತೇಗದ ಒಂದು ದಿವಾನ. ಮಧ್ಯಾಹ್ನ ಅದರ ಮೇಲೆ ಕಾಲು ಚಾಚಿ ಕೂರುತ್ತೇನೆ. ಲೋಕಲ್ ಟ್ರೇನ್ ಹೋಗುವ ಸದ್ದು ಕೇಳುತ್ತದೆ.

ಕೆಲಸ ಮುಗಿದ ದಿನ, ನಾನು ಇನ್ನು ಭಾಂಡುಪಿನಲ್ಲೇ ಇರುತ್ತೇನೆಂದು ನಿಮಗೆ ಹೇಳಿದೆ. ನೀವು ಮೊಬೈಲಿನಲ್ಲಿ ಹೋಟೆಲಿನ ಸಿಸಿಟಿವಿ ನೋಡುತ್ತಿದ್ದಿರಿ. "ಆಯ್ತು, ಆಮೇಲೆ ಮಾತಾಡುವ" ಎಂದಿರಿ. ನಾನು ಆ 'ಆಯ್ತು' ಅನ್ನೇ ಹಿಡಿದುಕೊಂಡು ಬಂದೆ.

ಯಕ್ಷಿತಾ ಫೋನು ಮಾಡಿ, "ಮಮ್ಮಿ, ಪಪ್ಪಾ ಕೆ ಸಾಥ್ ಝಗಡಾ ಹುವಾ ಕ್ಯಾ?" ಎಂದು ಕೇಳಿದಳು. ಇಲ್ಲವೆಂದೆ. ಜಗಳವಾಡಲಿಕ್ಕೆ ಇಬ್ಬರೂ ಒಂದೇ ಕಡೆ ನೋಡಬೇಕಲ್ಲ.

ನಿನ್ನೆ ನಿಮ್ಮ ಮ್ಯಾನೇಜರ್ ತಿಲಕ್ ಟೇಪು ಹಿಡಿದು ಬಂದ, ಬಂಕ್ ಬೆಡ್ಡಿನ ಅಳತೆಗೆ. ಅಂದರೆ ನಾನು ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿಲ್ಲ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಸುತ್ತ ನೋಡಿ, ದಿವಾನದ ತುದಿಯಲ್ಲಿ ಕುಳಿತು ಚಹಾ ಕುಡಿದ. ಟೇಪು ಬಿಚ್ಚಲಿಲ್ಲ.

"ಅಕ್ಕ, ಇಲ್ಲಿ ಬೆಡ್ ಹಾಕ್ಲಿಕ್ಕೆ ಆಗುದಿಲ್ಲ" ಎಂದ.

"ಯಾಕೆ, ಜಾಗ ಉಂಟಲ್ಲ?"

"ನೀವು ಇದ್ದೀರಲ್ಲ ಅಕ್ಕ."

ಅವನನ್ನು ಬೈಯಬೇಡಿ. ಅಡುಗೆಯ ಹುಡುಗರಿಗೆ ಹೋಟೆಲಿನ ಹತ್ತಿರವೇ ಒಳ್ಳೆಯ ಬಾಡಿಗೆ ಖೋಲಿ ನೋಡಿ. ಅವರಿಗೂ ಅದು ಅನುಕೂಲ.

ನಾನು ವಾಪಸು ಬರುವುದಿಲ್ಲ. ನಿಮ್ಮ ಮೇಲೆ ಸಿಟ್ಟೂ ಇಲ್ಲ. ಭಾನುವಾರ ಹೋಟೆಲನ್ನು ತಿಲಕ್‌ಗೆ ಬಿಟ್ಟು ಊಟಕ್ಕೆ ಬನ್ನಿ. ಲಿಫ್ಟ್ ಇದೆ, ನಿಮ್ಮ ಮೊಣಕಾಲಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಬೆಲ್ ಒತ್ತಿ; ಕೀ ನನ್ನ ಹತ್ತಿರ ಮಾತ್ರ ಇದೆ. ಮೊಬೈಲು ಒಳಗೆ ತರಬೇಡಿ.

ಇಂತಿ,
ಮೋಹಿನಿ

ಮರೆತಿದ್ದೆ: ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕ, ಹಿಡಿದು ಏಳಲು ತೇಗದ ಹಿಡಿಕೆ ಹಾಕಿಸಿದ್ದೇನೆ. ದೊಡ್ಡಮ್ಮನ ಮೊಣಕಾಲು ಗಟ್ಟಿಯಾಗಿಯೇ ಉಂಟಲ್ಲ, ಇದು ಯಾರಿಗೆ ಎಂದು ನಮಿತಾ ಕೇಳಿದಳು. ಬಲಗೈ ಕಡೆಗೆ ಇರಲಿ ಎಂದಷ್ಟೇ ಹೇಳಿದೆ.