ಎಡಗಿವಿಯ ಸಾಕ್ಷಿ

ಶುಕ್ರವಾರ, ಸಂಜೆ

ಪ್ರೀತಿಯ ಅಕ್ಕಾ,

ಕರ್ತನ ನಾಮದಲ್ಲಿ ವಂದನೆ. ನಿನ್ನ ಚೀಟಿಯಲ್ಲಿ ನಾನು ಒಪ್ಪುವ ಮಾತು ಅದೊಂದೇ, ಅದಕ್ಕೇ ಮೊದಲು ಬರೆದುಬಿಟ್ಟೆ. ಮನೆಗೇ ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ನೀನು ಅಳುತ್ತೀಯ, ನಾನು ಕರಗಿ ಹೂಂ ಅಂದುಬಿಡುತ್ತೇನೆ. ಕಾಗದವಾದರೆ ನೀನು ಎಷ್ಟು ಅತ್ತರೂ ನನಗೆ ಕಾಣುವುದಿಲ್ಲ.

ಭಾನುವಾರ ಸಭೆಯ ಮುಂದೆ ನಿಂತು ನನ್ನ ಎಡಗಿವಿ ವಾಸಿಯಾಯಿತೆಂದು ನಾನು ಸಾಕ್ಷಿ ಹೇಳುವುದಿಲ್ಲ. ಅದು ವಾಸಿಯಾಗಿಲ್ಲ. ಮಗ್ಗದ ಶೆಡ್ಡಿನ ಸದ್ದು ಅದನ್ನು ತಿಂದು ವರ್ಷಗಳಾದವು. ಈಗಲೂ ಆ ಕಡೆಯಿಂದ ಬಸ್ಸು ಬಂದರೆ ನನಗೆ ಗೊತ್ತಾಗುವುದು ಗಾಳಿ ಬಡಿದಾಗಲೇ.

ವಾಸಿಮಾಡುವ ಪ್ರಾರ್ಥನಾಕೂಟದಲ್ಲಿ ಆವತ್ತು ಆದದ್ದೇನು ಎಂದು ನಿನಗೂ ಭಾವನಿಗೂ ಅದೇ ಸಂಜೆ ಹೇಳಿದ್ದೆ. ಹೊರಗಿನಿಂದ ಬಂದ ಆ ದೊಡ್ಡ ಪ್ರಸಂಗಿಗಳು ನನ್ನ ಬಲಗಿವಿಯನ್ನು ಅಂಗೈಯಿಂದ ಮುಚ್ಚಿ, ಎದುರಿಗೆ ನಿಂತು, ಕೇಳಿಸ್ತಾ ಮಗಳೇ ಅಂತ ಕೇಳಿದರು. ನಾನು ತಲೆಯಾಡಿಸಿದೆ. ಹಾಗಾದ್ರೆ ಸ್ತೋತ್ರ ಅನ್ನು ಅಂದರು, ಅಂದೆ. ಮಗ್ಗಗಳು ಓಡುವಾಗ ನಮ್ಮ ಶೆಡ್ಡಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ತುಟಿ ನೋಡಿಯೇ ನಮ್ಮ ಜಗಳ, ನಮ್ಮ ನಗು, ಮೇಸ್ತ್ರಿಯ ಬೈಗುಳ ಎಲ್ಲ. ನಾನು ಪ್ರಸಂಗಿಗಳ ತುಟಿ ಓದಿದೆ, ಅಷ್ಟೇ. ಅದನ್ನು ಹೇಳಲು ನಾನು ಮತ್ತೆ ಬಾಯಿ ಬಿಡುವಷ್ಟರಲ್ಲಿ ಸಭೆಯೆಲ್ಲ ಎದ್ದು ನಿಂತು ಹಲ್ಲೆಲೂಯ ಕೂಗುತ್ತಿತ್ತು. ಆ ಗದ್ದಲದಲ್ಲಿ, ಅಯ್ಯೋ ಇಲ್ಲ ಎಂದ ನನ್ನ ಮಾತು ಎರಡು ಕಿವಿ ನೆಟ್ಟಗಿದ್ದವರಿಗೂ ಕೇಳಿಸಲಿಲ್ಲ.

ಸಭಾಪಾಲಕರಾದ ಭಾವ ಏನಂದರು, ನೆನಪಿದೆಯಾ? ನಂಬಿಕೆಯಿಂದ ಮೊದಲು ಹೇಳಮ್ಮಾ, ವಾಸಿ ಹಿಂದೆಯೇ ಬರುತ್ತೆ ಅಂದರು. ಮಾರನೆಯ ವಾರ ದೇವಾಲಯದ ಗೇಟಿನ ಮೇಲೆ ನನ್ನ ಫೋಟೋ ಹಾಕಿದ ಬ್ಯಾನರ್ ಬಂತು. ಈಗ ನಾನು ಹಟಮಾರಿ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವಳು ಎನ್ನುತ್ತಿದ್ದಾರಂತೆ. ಅವರಿಗೆ ಹೇಳು, ಆ ಕಿವಿ ಮುಚ್ಚಿದೆ, ಕೇಳಿದ್ದೆಲ್ಲ ಒಳಗೇ ಉಳಿಯುತ್ತದೆ.

ನನ್ನೊಬ್ಬಳ ಕಿವಿಯ ಮಾತಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಮ್ಮ ಶೆಡ್ಡಿನಲ್ಲಿ ಮಗ್ಗಗಳಿಗೆ ಎಣ್ಣೆ ಬಿಡುವವನ ಹೆಂಡತಿ ಗೊತ್ತಲ್ಲ, ಕೊನೆಯ ಬೆಂಚಿನಲ್ಲಿ ಕೂರುವವಳು? ಅವಳು ಆ ಬ್ಯಾನರ್ ನೋಡಿ ತನ್ನ ಮಗಳ ಕಿವಿ ಮಷಿನ್ ಬಿಚ್ಚಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಮಷಿನ್ ಹಾಕಿದರೆ ನಂಬಿಕೆ ಇಲ್ಲ ಎಂದ ಹಾಗಾಗುತ್ತದಂತೆ. ಮಗು ಶಾಲೆಯಲ್ಲಿ ಏನೂ ಕೇಳಿಸದೆ ಗೋಡೆ ನೋಡುತ್ತಾ ಕೂತಿರುತ್ತದೆ. ನಾನು ಹೋಗಿ, ನನಗೇನೂ ವಾಸಿಯಾಗಿಲ್ಲ ಕಣೇ, ಮಷಿನ್ ಹಾಕು ಅಂದೆ. ಅವಳು ನನ್ನ ಕೈ ಹಿಡಿದು, ನೀವು ದೊಡ್ಡವರು, ಅದಕ್ಕೇ ಇಷ್ಟು ತಗ್ಗಿ ಮಾತಾಡ್ತೀರ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಬ್ಯಾನರ್ ಎಲ್ಲಿಂದ ಕೂಗುತ್ತಿದೆಯೋ ಅಲ್ಲಿಂದಲೇ ನಾನೂ ಕೂಗದಿದ್ದರೆ ಅವಳು ನಂಬುವುದಿಲ್ಲ.

ನನಗೆ ಪ್ರಾರ್ಥನೆಯಲ್ಲಿ ನಂಬಿಕೆ ಇಲ್ಲ ಎಂದುಕೊಳ್ಳಬೇಡ. ಮಗ್ಗದಲ್ಲಿ ಎಳೆ ಕಡಿದಾಗಲೆಲ್ಲ, ಕರ್ತನೇ, ಕೈ ನಡುಗದ ಹಾಗೆ ನೋಡ್ಕೋ ಅನ್ನುತ್ತೇನೆ, ಗಂಟು ಹಾಕುತ್ತೇನೆ, ಮುಂದೆ ನೇಯುತ್ತೇನೆ. ಅವನು ನನ್ನ ಜೊತೆ ಇದ್ದಾನೆ. ಕಿವಿ ಕೊಟ್ಟರೂ ಅವನೇ ನನ್ನವನು, ಕೊಡದಿದ್ದರೂ ಅವನೇ. ಅವನ ಹೆಸರು ಉಳಿಸಲು ನಾನು ಸುಳ್ಳು ಹೇಳಬೇಕೆಂದರೆ, ಅವನನ್ನು ನೀವೆಲ್ಲ ಏನೆಂದುಕೊಂಡಿದ್ದೀರಿ?

ನಾನು ಹಾಗೆ ಹೇಳದಿದ್ದರೆ ಸಭೆಯ ಹಿರಿಯರು ಭಾವನನ್ನು ಬೇರೆ ಊರಿಗೆ ಹಾಕಿಬಿಡುತ್ತಾರೆ, ಸಭೆ ಕೊಟ್ಟ ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಬರೆದಿದ್ದೀಯ. ಹಾಕಲಿ. ಪಾತ್ರೆ ಕಟ್ಟಲು ನಾನೇ ಬರುತ್ತೇನೆ. ನೀನು ಕಷ್ಟಪಡುವುದು ನನಗೆ ಸಂಕಟವೇ. ಆದರೂ ಭಾನುವಾರ ನಾನು ಬರುತ್ತೇನೆ, ಕರೆದಾಗ ಎದ್ದು ಮುಂದೆ ಹೋಗುತ್ತೇನೆ, ಸಾಕ್ಷಿಯನ್ನೇ ಹೇಳುತ್ತೇನೆ. ಕಂಡದ್ದನ್ನು ಕಂಡ ಹಾಗೆ ಹೇಳುವುದಕ್ಕೆ ತಾನೇ ಆ ಹೆಸರು? ಭಾವ ಮೈಕ್ ಆರಿಸಿದರೆ ಆರಿಸಲಿ, ಮಗ್ಗದ ಸದ್ದಿಗೆ ಎದುರಾಗಿ ಕೂಗಿ ಬೆಳೆದ ಗಂಟಲು ಇದು.

ನೀನು ಕಳಿಸಿದ ಹೊಸ ಬಟ್ಟೆ ಚೆನ್ನಾಗಿದೆ. ಅದನ್ನೇ ಉಟ್ಟು ಬರುತ್ತೇನೆ.

ನಿನ್ನ ಮಾತು ಕೇಳದ,
ತಂಗಿ

ಮರೆತಿದ್ದೆ: ಕಳೆದ ಭಾನುವಾರ ಭಾವ ನನ್ನ ಸಾಕ್ಷಿಗಾಗಿ ಗಟ್ಟಿಯಾಗಿ ಪ್ರಾರ್ಥಿಸುವಾಗ ಎಲ್ಲರೂ ಕಣ್ಣು ಮುಚ್ಚಿದ್ದರು. ನಾನು ಮುಚ್ಚಿರಲಿಲ್ಲ. ನೀನು ಅವರ ಪಕ್ಕದಲ್ಲಿ ಮೊಣಕಾಲೂರಿದ್ದೆ, ನಿನ್ನ ತುಟಿ ಮಾತ್ರ ಬೇರೆಯೇ ಹೇಳುತ್ತಿತ್ತು: ಕರ್ತನೇ, ನನ್ನ ಕೈಲಾಗ್ಲಿಲ್ಲ, ಅವಳಾದ್ರೂ ನಿಜ ಹೇಳ್ಲಿ. ಅಕ್ಕಾ, ನಿನ್ನ ಪ್ರಾರ್ಥನೆ ನನಗೂ ಕೇಳಿಸಿತು.